ಏಳರ ಮಗ್ಗಿ ಮತ್ತು ಹಲ್ಲಿನ ಗುರುತು

ನನಗೊಂದು ಚಟವಿದೆ. ನಶ್ಯದ್ದಲ್ಲ, ತಂಬಾಕಿನದೂ ಅಲ್ಲ. ಅವೆರಡನ್ನೂ ಹೆಂಡತಿ ಬಿಡಿಸಿ ಬಹಳ ವರ್ಷಗಳಾದವು. ಇದು ಶೇರಾ ಬರೆಯುವ ಚಟ. ಧಾರವಾಡದ ಒಂದು ಕನ್ನಡ ಸಾಲೆಯಲ್ಲಿ ನಾನು ಮಾಸ್ತರ. ವರ್ಷದ ಕೊನೆಗೆ ಪ್ರತಿಯೊಬ್ಬ ಹುಡುಗನ ಹೆಸರಿನ ಮುಂದೆ ಅವನ ಸ್ವಭಾವ ಎಂಥದೆಂದು ಒಂದು ಶಬ್ದದಲ್ಲಿ ಬರೆಯಬೇಕು. ಸುಶೀಲ, ಚಂಚಲ, ಆಲಸಿ, ಹೀಗೆ. ಅದಕ್ಕೆ ಶೇರಾ ಎನ್ನುತ್ತೇವೆ. ಸಾಲೆಯಲ್ಲಿ ಬರೆದು ಬರೆದು ಕೈಗೆ ಎಷ್ಟು ರೂಢಿಯಾಗಿದೆಯೆಂದರೆ, ಮನೆಗೆ ಬಂದ ಮೇಲೂ ಅದು ಸುಮ್ಮನಿರುವುದಿಲ್ಲ. ಹಾಲಿನವಳಿಗೆ ಒಂದು, ಟಾಂಗಾದವನಿಗೆ ಒಂದು, ಅವನ ಕುದುರೆಗೆ ಒಂದು, ಹೆಂಡತಿಯ ತವರಿನವರಿಗೆಲ್ಲ ಸೇರಿ ಒಂದು ಶೇರಾ ಮನಸ್ಸಿನಲ್ಲೇ ಬರೆದುಬಿಡುತ್ತೇನೆ. ಬರೆದದ್ದನ್ನು ಅಳಿಸುವ ರೂಢಿ ಮಾತ್ರ ಇರಲಿಲ್ಲ. ಕೆಂಪು ಶಾಯಿ ನೋಡಿ. ಅಳಿಸಿದರೆ ಕಾಗದವೇ ಹರಿಯುತ್ತದೆ.

ಮನುಷ್ಯನ ಸ್ವಭಾವ ವಯಸ್ಸಿನೊಡನೆ ಬದಲಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ನಮ್ಮ ಓಣಿಯ ವೈದ್ಯರು ಕಟ್ಟೆಗೆ ಕುಳಿತಾಗಲೆಲ್ಲ ಹೇಳುತ್ತಿದ್ದರು: ಬಾಲ್ಯದಲ್ಲಿ ಕಫ ಹೆಚ್ಚು, ನಡುವಯಸ್ಸಿನಲ್ಲಿ ಪಿತ್ತ ಹೆಚ್ಚು, ಮುಪ್ಪಿನಲ್ಲಿ ವಾತ ಹೆಚ್ಚು. ಅದಕ್ಕೇ ಮಕ್ಕಳಿಗೆ ಮೂಗು ಸೋರುತ್ತದೆ, ಗೃಹಸ್ಥರಿಗೆ ಸಿಟ್ಟು ಬರುತ್ತದೆ, ಮುದುಕರಿಗೆ ಮಾತು ನಿಲ್ಲುವುದಿಲ್ಲ. ನಾನೂ ತಲೆದೂಗುತ್ತಿದ್ದೆ. ಆದರೆ ಕೇಳಿದ್ದು ತಲೆಗೆ ಹೋದರೂ ಶೇರಾ ಬರೆಯುವ ಕೈಗೆ ಇಳಿಯಬೇಕಲ್ಲ! ಅದೂ ಅಲ್ಲದೆ, ಬದಲಾಗುವುದೆಲ್ಲ ಬೇರೆಯವರ ಸ್ವಭಾವ, ನಾನು ಮಾತ್ರ ಹುಟ್ಟಿದಾಗಿನಿಂದ ಹೀಗೆಯೇ ಶಾಂತ, ಹೀಗೆಯೇ ಸಭ್ಯ ಎಂಬ ಗಟ್ಟಿ ನಂಬಿಕೆ ನನ್ನದು. ತರಗತಿಯಲ್ಲಿ ಹುಡುಗರು ಗದ್ದಲ ಮಾಡಿದಾಗ "ನಾ ನಿಮ್ಮಷ್ಟಿದ್ದಾಗ ಹಿಂಗ ಇದ್ದಿದ್ದಿಲ್ರೋ" ಎಂದು ಎಷ್ಟು ಸಲ ಅಂದಿದ್ದೇನೋ ಲೆಕ್ಕವಿಲ್ಲ.

ಈ ನಂಬಿಕೆಯನ್ನು ನನ್ನ ಹೆಂಡತಿ ಸುಭದ್ರೆ ಎಂದೂ ಒಪ್ಪಿದವಳಲ್ಲ. ಅವಳ ಪ್ರಕಾರ ಅವಳು ಇದುವರೆಗೆ ಮೂವರು ಗಂಡಂದಿರ ಜೊತೆ ಸಂಸಾರ ಮಾಡಿದ್ದಾಳೆ, ಮೂವರ ಹೆಸರೂ ಒಂದೇ. ಮೊದಲನೆಯವನು ಇಪ್ಪತ್ತೆರಡರವನು, ನಾಚಿಕೆ ಎಷ್ಟೆಂದರೆ ಊಟಕ್ಕೆ ಕುಳಿತಾಗ ಇನ್ನಷ್ಟು ಸಾರು ಬೇಕೆಂದು ಅವಳನ್ನು ಕೇಳಲಾರದೆ ನನ್ನ ತಾಯಿಗೆ ಸನ್ನೆ ಮಾಡುತ್ತಿದ್ದನಂತೆ. ಎರಡನೆಯವನು ಮೂವತ್ತರವನು, ಖಾದಿ ತೊಟ್ಟು, ಚಹ ಬಿಟ್ಟು, ದೇಶವನ್ನು ಮುಂದಿನ ದಸರೆಯೊಳಗೆ ಸರಿ ಮಾಡಿಬಿಡುವ ಅವಸರದಲ್ಲಿದ್ದವನು. ಮೂರನೆಯವನು ಈಗಿನವನು, ಎರಡು ಹೊತ್ತು ಚಹ ಬೇಕು, ಕೊಡೆ ಇಟ್ಟ ಮೂಲೆ ಬದಲಾದರೆ ಮನೆಯೆಲ್ಲ ಎದ್ದು ನಿಲ್ಲಬೇಕು. "ನನಗ ಮೊದಲನೇದಾಂವ ಛಲೋ ಇದ್ದ ನೋಡ್ರಿ. ಹೊಟ್ಟಿಗೆ ಕಡಿಮಿ ಉಣ್ತಿದ್ದ," ಎನ್ನುತ್ತಾಳೆ. ಈ ಮಾತನ್ನು ನಾನು ಹೆಂಗಸರ ವಿನೋದವೆಂದು ನಕ್ಕುಬಿಡುತ್ತಿದ್ದೆ.

ಹಾಗೆ ನಗಲಾರದ ದಿನ ಬಂದದ್ದು ಮಗಳ ಮದುವೆಯ ಮಾತಿನಲ್ಲಿ. ಯುದ್ಧ ಇನ್ನೂ ನಡೆದಿತ್ತು, ಸಕ್ಕರೆ ರೇಶನ್ನಿನಲ್ಲಿ ಸಿಗುತ್ತಿತ್ತು. ಕುಸುಮೆಗೆ ಹತ್ತೊಂಬತ್ತು ತುಂಬಿತ್ತು. ನಮ್ಮ ಓಣಿಯಲ್ಲೇ ಇದ್ದ ಒಬ್ಬರು ತಮ್ಮ ಸೋದರಳಿಯನಿಗೆ ಅವಳನ್ನು ಕೇಳಿದರು. ಹುಡುಗ ಶ್ರೀನಿವಾಸ. ಮನೆ ಹಳೇ ಹುಬ್ಬಳ್ಳಿ, ಕೆಲಸ ರೈಲ್ವೆ ಕಾರಖಾನೆಯಲ್ಲಿ ನಕಾಶೆ ತೆಗೆಯುವುದು. ಜಾತಕ ಕೂಡಿತು, ಗೋತ್ರ ಬೇರೆ, ಮನೆತನ ಒಳ್ಳೆಯದು. ಎಲ್ಲ ಸರಿಯಿತ್ತು. ಸರಿಯಿಲ್ಲದ್ದು ಒಂದೇ: ಆ ಹುಡುಗ ಹದಿನಾರು ವರ್ಷದ ಹಿಂದೆ, ಸೋದರಮಾವನ ಮನೆಯಲ್ಲಿದ್ದುಕೊಂಡು, ಮೂರನೇ ಇಯತ್ತೆಯನ್ನು ನನ್ನ ಕೈಯಲ್ಲೇ ಓದಿದ್ದ. ಅವನ ಹೆಸರಿನ ಮುಂದೆ ನಾನು ಕೆಂಪು ಶಾಯಿಯಲ್ಲಿ 'ಹಟಮಾರಿ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ.

ಆ ಗೆರೆಗಳ ಕಥೆಯನ್ನೂ ಹೇಳಬೇಕು. ಆಗ ನಮ್ಮ ಸಾಲೆಗಳಲ್ಲಿ ಒಂದು ಪದ್ಧತಿಯಿತ್ತು. ಮಗ್ಗಿ ಕೇಳಿದಾಗ ಸರಿಯಾಗಿ ಅಂದ ಹುಡುಗ, ತಪ್ಪಿದ ಹುಡುಗರ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕು. ಇದು ನಾನು ಹುಟ್ಟಿಸಿದ್ದಲ್ಲ, ನನ್ನ ಮಾಸ್ತರರಿಂದ ನನಗೆ ಬಂದದ್ದು. ಮಾಸ್ತರನ ಕೈ ನೋಯುವುದಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಅವತ್ತು ಏಳರ ಮಗ್ಗಿ ನಡೆದಿತ್ತು. ಒಬ್ಬ ತಪ್ಪಿದ, ಮತ್ತೊಬ್ಬ ತಪ್ಪಿದ, ತಲೆಗೆ ಅರಿವೆ ಸುತ್ತಿಕೊಂಡು ಕುಳಿತಿದ್ದ ಬಸ್ಯಾ ಎಂಬ ಸಣಕಲ ಹುಡುಗನೂ ತಪ್ಪಿದ. ಪಾಳಿ ಅವನ ಪಕ್ಕದ ಶೀನ್ಯಾನಿಗೆ, ಅಂದರೆ ಇದೇ ಶ್ರೀನಿವಾಸನಿಗೆ, ಬಂತು. ಹಿಂದಿನ ದಿನವಷ್ಟೇ ಅದೇ ಮಗ್ಗಿಯನ್ನು ನಿದ್ದೆಗಣ್ಣಿನಲ್ಲೂ ಅನ್ನುವಷ್ಟು ಚೊಕ್ಕವಾಗಿ ಅಂದಿದ್ದ ಹುಡುಗ ಈಗ ಎದ್ದು ನಿಂತು ತುಟಿ ಬಿಚ್ಚಲಿಲ್ಲ.

"ಬರತದೇನೋ ಇಲ್ಲೋ?" ಎಂದೆ.

"ಬರತದ್ರಿ."

"ಬರತಿದ್ರ ಅನ್ನು."

ಇಲ್ಲ. ಗದರಿಸಿದೆ, ಇಲ್ಲ. ಬಾಕಿನ ಮೇಲೆ ನಿಲ್ಲಿಸಿದೆ, ನಿಂತ. ಗಂಟೆ ಹೊಡೆಯಿತು, ಉಳಿದ ಹುಡುಗರೆಲ್ಲ ಮನೆಗೆ ಹೋದರು. ನಾನು ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕುಳಿತೆ. ಅವನು ಅನ್ನುವವರೆಗೆ ಏಳುವುದಿಲ್ಲವೆಂದು ಪಣ ತೊಟ್ಟೆ. ಎಂಟು ವರ್ಷದ ಹುಡುಗನಿಗೆದುರಾಗಿ ಮೂವತ್ತು ವರ್ಷದ ಮಾಸ್ತರ! ನನ್ನ ಹೊಟ್ಟೆ ಕೂಗತೊಡಗಿತು, ಅವನದೂ ಕೂಗಿತು. ಆ ಖಾಲಿ ಕೋಣೆಯಲ್ಲಿ ಮಾತಾಡಿದ್ದು ಅವೆರಡೇ. ಕೊನೆಗೆ ಬಾಗಿಲು ಹಾಕಲು ಬಂದ ಸಾಲೆಯ ಸಿಪಾಯಿ ನಮ್ಮಿಬ್ಬರನ್ನೂ ಹೊರಗೆ ಕಳಿಸಿದ. ನಾನು ಸೋತಿದ್ದೆ. ಆ ಸೋಲು ಹದಿನಾರು ವರ್ಷ ನನ್ನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡು ಕುಳಿತಿತ್ತು. ಇದಕ್ಕೆ ಹಟ ಎನ್ನುವುದಿಲ್ಲ, ನೆನಪಿನ ಶಕ್ತಿ ಎನ್ನುತ್ತಾರೆ ಎಂದು ನಾನು ತಿಳಿದಿದ್ದೆ.

"ಆ ಹುಡುಗನಿಗೆ ಕೊಡೋದು ಶಕ್ಯ ಇಲ್ಲ," ಎಂದು ಮನೆಯಲ್ಲಿ ಹೇಳಿದೆ. "ಹಟಮಾರಿ. ನಾ ನೋಡಿದಾಂವ."

"ಎಂಟು ವರ್ಷದ ಕೂಸು ಮಗ್ಗಿ ಅನ್ನಲಿಲ್ಲಂತ ಹದಿನಾರು ವರ್ಷ ನೆನಪಿಟ್ಟಾರ. ಇದರಾಗ ಹಟಮಾರಿ ಯಾರು?" ಎಂದಳು ಸುಭದ್ರೆ, ನನ್ನನ್ನಲ್ಲ, ಒಲೆಯನ್ನು ಕೇಳುವವಳಂತೆ.

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಸೋದರಮಾವನಿಗೆ ಮಗ್ಗಿಯ ಕಥೆಯನ್ನು ವಿವರವಾಗಿ ಹೇಳಿ, "ವಿಚಾರ ಮಾಡಿ ತಿಳಸ್ತೇನಿ," ಎಂದು ಮುಖ ಗಂಟಿಕ್ಕಿ ಕಳಿಸಿದೆ. ಆ ಮೇಲೆ ಕುಸುಮೆಯ ಸರದಿ. ನಮ್ಮ ಮನೆಯಲ್ಲಿ ಮದುವೆಯ ಮಾತನ್ನು ಹೆಣ್ಣುಮಕ್ಕಳು ಆಡುವ ರೂಢಿಯಿಲ್ಲ. ಅವಳು ಚಹದ ಬಟ್ಟಲು ಇಡಲು ಬಂದವಳು, ಇಟ್ಟು, ಹೋಗದೆ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅಪ್ಪಾ, ಅವರು ತಿಂಗಳಿಗೊಮ್ಮೆ ಮಾವನ ಮನಿಗೆ ಬರ್ತಾರ. ಬಾವಿ ರಾಟಿ ಮುರದಾಗ ಎರಡು ತಾಸು ಬಿಸಲಾಗ ನಿಂತು ದುರಸ್ತ ಮಾಡಿದ್ರು. ಓಣಿ ಹುಡುಗ್ರೆಲ್ಲಾ ಮೈಮ್ಯಾಲೆ ಬಿದ್ದು ಗದ್ದಲ ಮಾಡಿದ್ರೂ ಒಬ್ಬರಿಗೂ ಗದರಲಿಲ್ಲ." ಚೌಕಟ್ಟು ಬಿಡದೆ ಮುಂದುವರಿಸಿದಳು: "ನೀವು ಆ ಹುಡುಗನ್ನ ನೋಡೀರಿ. ನಾ ಈ ಮನಷ್ಯಾನ್ನ ನೋಡೇನಿ."

ಇಷ್ಟು ಹೇಳಿ ಒಳಗೆ ಹೋದಳು. ಮೂರು ದಿನ ನನ್ನ ಮುಂದೆ ತಾಟು ಇಡುವಾಗಲೂ ತಲೆ ಎತ್ತಲಿಲ್ಲ. ಹುಟ್ಟಿದಾಗಿನಿಂದ ನನಗೆ ಎದುರಾಡದ ಮಗಳು. ಅವಳಿಗೆ ನಾನು ಬಹಳ ಹಿಂದೆಯೇ 'ಮೆತ್ತನೆಯವಳು' ಎಂದು ಶೇರಾ ಬರೆದಿಟ್ಟಿದ್ದೆ. ಅದೂ ತಪ್ಪಿತ್ತೆಂದು ಕಾಣುತ್ತದೆ. ನನಗೆ ಸಂಕಟವಾಯಿತು, ನಿಜ. ಆದರೆ ಸಂಕಟಕ್ಕೆ ಸೋಲುವ ಬದಲು ಸಾಕ್ಷಿ ತರೋಣವೆಂದು ನಿಶ್ಚಯಿಸಿದೆ. ನಮ್ಮ ಕಡೆ ಹೆಣ್ಣು ಕೊಡುವ ಮುನ್ನ ಗಂಡಿನ ಓಣಿಗೆ ಹೋಗಿ, ತಾನು ಯಾರೆಂದು ಹೇಳದೆ, ಆಚೀಚೆ ಮನೆಯವರಲ್ಲಿ ವಿಚಾರಿಸುವುದು ಪದ್ಧತಿ. ನಾಲ್ಕು ಮನೆ ತಿರುಗಿದರೆ ಒಬ್ಬರಾದರೂ ಹುಡುಗ ಹಟಮಾರಿ ಎನ್ನದೆ ಇರುತ್ತಾರೆಯೇ?

ರವಿವಾರ ಮುಂಜಾನೆ ರೈಲು ಹತ್ತಿ ಹುಬ್ಬಳ್ಳಿಗಿಳಿದು, ಟಾಂಗಾದಲ್ಲಿ ಹಳೇ ಹುಬ್ಬಳ್ಳಿಗೆ ಹೋದೆ. ನಾನು ಹುಟ್ಟಿದ್ದೂ ಅಲ್ಲಿಯೇ. ಏಳು ವರ್ಷದವನಿದ್ದಾಗ ತಂದೆಯ ನೌಕರಿಯ ನಿಮಿತ್ತ ಧಾರವಾಡಕ್ಕೆ ಬಂದವನು ಆ ಓಣಿಗಳಿಗೆ ಮತ್ತೆ ಕಾಲಿಟ್ಟದ್ದೇ ಅಪರೂಪ. ಎಲ್ಲವೂ ನೆನಪಿಗಿಂತ ಸಣ್ಣದಾಗಿ ಕಂಡಿತು. ಅತ್ತರು ಮಾರುವವನ ಅಂಗಡಿಯಲ್ಲಿ ಕೇಳಿದೆ: "ಭಾಳ ಛಲೋ ಹುಡುಗರಿ." ಚಮ್ಮಾರನ ಹತ್ತಿರ ಕೇಳಿದೆ: "ಬಂಗಾರದಂಥಾಂವ." ಹೂವಿನವಳೂ ಅದೇ ಅಂದಳು. ನನ್ನ ನಿರಾಸೆಯನ್ನು ಏನೆಂದು ಹೇಳಲಿ!

ಓಣಿಯ ತುದಿಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಹತ್ತಿಯ ಬತ್ತಿ ಹೊಸೆಯುತ್ತ ಕುಳಿತಿದ್ದಳು. ಮುದುಕಿಯರು ಯಾರನ್ನೂ ಸುಮ್ಮಸುಮ್ಮನೆ ಹೊಗಳುವವರಲ್ಲ ಎಂಬ ಆಸೆಯಿಂದ ಕಟ್ಟೆ ಏರಿದೆ. ಆಕೆ ನನ್ನನ್ನು ಒಮ್ಮೆ ದಿಟ್ಟಿಸಿ, ಬತ್ತಿ ಬದಿಗಿಟ್ಟು, ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮಡಿಯಲ್ಲಿರಬೇಕು ಎಂದುಕೊಂಡು ನಾನು ತುಸು ದೂರವೇ ಕುಳಿತೆ.

"ಅಜ್ಜೀ, ಈ ಓಣ್ಯಾಗ ಶ್ರೀನಿವಾಸ ಅಂತ ಒಬ್ಬ ಹುಡುಗ ಇದ್ದಾನಲ್ರಿ, ರೈಲ್ವೆ ಕಾರಖಾನ್ಯಾಗ ಇರಾಂವ. ಸ್ವಭಾವ ಹ್ಯಾಂಗ್ರಿ ಅವಂದು?"

"ಯಾಕ್ರಿ? ಹೆಣ್ಣು ಕೊಡಾವ್ರೇನು?"

"ನಾ ಅಲ್ರಿ. ನಮ್ಮ ಪರಿಚಯದವರೊಬ್ಬರು."

"ಹುಡುಗಂದು ಏನೂ ಚಿಂತಿಲ್ರಿ. ಹೆಣ್ಣೂ ಛಲೋ ಅದ ಅಂತಾರ. ಚಿಂತಿ ಏನಿದ್ರೂ ಹೆಣ್ಣಿನ ಅಪ್ಪಂದು."

ನಾನು ನೆಟ್ಟಗೆ ಕುಳಿತೆ. "ಅಪ್ಪಂದು ಏನ್ರಿ?"

"ಕಡೀತಾನ್ರಿ," ಎಂದಳು ಮುದುಕಿ.

"ಏನು? ಮನಷ್ಯಾರನ್ನ?"

"ಮತ್ತೇನು ಕಬ್ಬನ್ನ? ಕ್ಷೌರದವನ್ನ ಕಡದ. ನಾಡಿ ನೋಡಲಿಕ್ಕೆ ಬಂದ ವೈದ್ಯರನ್ನ ಕಡದ. ಅವರವ್ವಗ ಆರಾಮ ಇರಲಿಲ್ಲಂತ ದೀಪಾವಳಿಗೆ ಎಣ್ಣಿ ಹಚ್ಚಿ ಎರೀಲಿಕ್ಕೆ ಹೋದ್ರ ನನ್ನ ಕಡದ. ಓಣಿ ಮಂದಿ ಎಲ್ಲಾ ಕಡಿಯೋ ವಾಮ್ಯಾ ಅಂತಿದ್ರು. ಅಂಥಾವನ ಮಗಳನ್ನ ನಮ್ಮನಿಗೆ ಹ್ಯಾಂಗ ತರಬೇಕು, ನೀವಽ ಹೇಳ್ರಿ." ಹೀಗೆಂದು ಸೆರಗಿನೊಳಗಿನ ಕೈ ಹೊರಗೆ ತೆಗೆದು ನನ್ನ ಮೂಗಿನ ಕೆಳಗೆ ಹಿಡಿದಳು. ಮಣಿಕಟ್ಟಿನ ಮೇಲೆ, ಸುಕ್ಕುಗಳ ನಡುವೆ, ಬೆಳ್ಳಗಾದ ಎರಡು ಸಣ್ಣ ಹಲ್ಲುಗಳ ಗುರುತು.

ಆ ಗುರುತು ನೋಡಿದ್ದೇ ತಡ, ನಲವತ್ತು ವರ್ಷ ಎಲ್ಲಿ ಮಲಗಿತ್ತೋ ಆ ನೆನಪು ಎದ್ದು ಕುಳಿತಿತು. ಬಚ್ಚಲ ಹೊಗೆ, ಕಣ್ಣಿಗಿಳಿದ ಎಣ್ಣೆಯ ಉರಿ, ಗಟ್ಟಿಯಾಗಿ ಹಿಡಿದ ಬಳೆಯ ಕೈ, ಬಾಯಿಯಲ್ಲಿ ಸೀಗೆಯ ಕಹಿ. ಅದಾದ ಮೇಲೆ ಅದೇ ಕೈ ನನ್ನ ತಲೆ ಒರೆಸಿ, ಬಾಯಿಗೆ ಬೆಲ್ಲ ಹಾಕಿದ್ದು. ಪಕ್ಕದ ಮನೆಯ ತುಂಗಕ್ಕ! ಗಂಡ ಹೋದ ಮೇಲೆ ಆಕೆ ಇದೇ ಓಣಿಯ ಅಣ್ಣನ ಮನೆ ಸೇರಿದ್ದು, ಆ ಅಣ್ಣ ಶ್ರೀನಿವಾಸನ ಅಜ್ಜನಾಗಿದ್ದು, ಈಗ ಆ ಮನೆಯ ಹಿರಿಯಳು ಆಕೆಯೇ ಎಂಬುದು ನನಗೆ ತಿಳಿದದ್ದು ಆಮೇಲೆ. ಆ ಹೊತ್ತಿಗೆ ತಿಳಿದದ್ದು ಒಂದೇ: ನನ್ನ ಮಗಳ ಮದುವೆ ನನ್ನ ಹಾಲುಹಲ್ಲಿಗೆ ಸಿಕ್ಕಿಕೊಂಡಿದೆ. ಮೂರು ದಿನದಿಂದ ತಲೆ ಎತ್ತದ ಕುಸುಮೆಯ ಮುಖ ಕಣ್ಣಮುಂದೆ ಬಂತು. ಒಲ್ಲೆ ಎನ್ನಲು ಬಂದವನು ಬೇಡಿಕೊಳ್ಳಲು ಶುರುಮಾಡಿದೆ.

"ತುಂಗಕ್ಕಾ, ನಾನಽ ವಾಮ್ಯಾ. ಆಗ ಆರು ವರ್ಷದಾಂವ ಇದ್ದೆ. ತಿಳೀತಿದ್ದಿಲ್ಲ. ಆರು ವರ್ಷದ ಹುಡುಗ ಮಾಡಿದ್ದನ್ನ ಹಿಡಕೊಂಡು ಈಗಿನ ಮಾತು ಮುರೀತಾರೇನು?"

"ಆರು ವರ್ಷದಾಂವ ಮಾಡಿದ್ದು ನಾ ಮರೀಬೇಕು," ಎಂದಳು ತುಂಗಕ್ಕ, ನಿಧಾನವಾಗಿ. "ಎಂಟು ವರ್ಷದಾಂವ ಮಾಡಿದ್ದು ನೀ ಮರೀಬಾರದು. ಇದು ಯಾವ ಸಾಲ್ಯಾಗ ಕಲಸ್ತಾರೋ ಮಾಸ್ತರಾ?"

ನಾನು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಆಕೆಯೇ ನಕ್ಕಳು. "ನೀ ಓಣಿ ಹೊಕ್ಕಾಗಽ ನಿಮ್ಮಪ್ಪನ ನಡಗಿ ನೋಡಿ ಗುರ್ತು ಹಿಡದೆ. ಕಟ್ಟಿ ಏರಿದಿ ಅಂತಽ ಕೈ ಸೆರಗಿನಾಗ ಇಟಗೊಂಡೆ. ನಡಿ ಒಳಗ, ಬೆಲ್ಲದ ಚಹ ಕುಡಿ. ಸಕ್ಕರಿ ಇಲ್ಲ."

ಮೂವತ್ತು ವರ್ಷಗಳಿಂದ ನನ್ನನ್ನು ಯಾರೂ ವಾಮ್ಯಾ ಎಂದು ಕರೆದಿರಲಿಲ್ಲ. ಕರೆಯಬಲ್ಲವರೆಲ್ಲ ಹೋಗಿಬಿಟ್ಟರೆಂದು ತಿಳಿದಿದ್ದೆ. ಆ ಬೆಲ್ಲದ ಚಹವನ್ನು ಕೇಳಿ ಹಾಕಿಸಿಕೊಂಡು ಎರಡು ಬಟ್ಟಲು ಕುಡಿದೆ.

ಅಷ್ಟರಲ್ಲಿ ಶ್ರೀನಿವಾಸ ಒಳಗಿನಿಂದ ಬಂದ. ನನಗಿಂತ ಒಂದು ಗೇಣು ಎತ್ತರ, ಬೆರಳಿಗೆ ಮಸಿ. ಕಾಲಿಗೆರಗಿ, ಕುಳಿತುಕೋ ಎಂದರೂ ಕುಳಿತುಕೊಳ್ಳದೆ, ಅಂದು ಬಾಕಿನ ಮೇಲೆ ನಿಂತಂತೆಯೇ ಗೋಡೆಯ ಪಕ್ಕ ನಿಂತ. ನಾನು ಕೇಳಿಯೇಬಿಟ್ಟೆ. ಹದಿನಾರು ವರ್ಷದ ಮುಳ್ಳಲ್ಲವೇ!

"ಅವತ್ತು ಮಗ್ಗಿ ಯಾಕ ಅನ್ನಲಿಲ್ಲಪಾ?"

ಅವನು ಅಜ್ಜಿಯ ಮುಖ ನೋಡಿದ. ಅಜ್ಜಿ "ಹೇಳೋ" ಎಂದ ಮೇಲೆ, ಬೆರಳಿನ ಮಸಿ ತಿಕ್ಕುತ್ತ ಹೇಳಿದ: "ನಾ ಅಂದಿದ್ರ ಬಸ್ಯಾನ ಕೆನ್ನಿಗೆ ನಾನಽ ಹೊಡೀಬೇಕಾಗಿತ್ರಿ. ಅವನ ಕಿವಿ ಸೋರತಿತ್ತು. ಅರಿವಿ ಸುತಗೊಂಡು ಬಂದಿದ್ದ. ಮುಟ್ಟಿದ್ರ ಅಳತಿದ್ದ."

ಅವತ್ತು ನಾನು ಹುಡುಗನ ತುಟಿಗಳನ್ನಷ್ಟೇ ನೋಡಿಕೊಂಡು ಸಂಜೆಯವರೆಗೆ ಕುಳಿತಿದ್ದೆ. ಅವನ ಪಕ್ಕದಲ್ಲಿ ಅರಿವೆ ಸುತ್ತಿಕೊಂಡವನು ಯಾಕೆ ಸುತ್ತಿಕೊಂಡಿದ್ದ ಎಂದು ಒಮ್ಮೆಯೂ ಕೇಳಿರಲಿಲ್ಲ. ಕರುಣೆಗೆ ನಾನು ಹಟವೆಂದು ಹೆಸರಿಟ್ಟು ಕೆಳಗೆ ಎರಡು ಗೆರೆ ಎಳೆದಿದ್ದೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. "ತಪ್ಪಾತಪಾ," ಎಂದೆ. ಹುಡುಗನೊಬ್ಬನಿಗೆ ಈ ಮಾತನ್ನು ನಾನು ಅಂದದ್ದು ಅದೇ ಮೊದಲು. ಅನ್ನಲು ತೊಡಗಿದಾಗ ಇದ್ದಷ್ಟು ಕಷ್ಟ ಅಂದ ಮೇಲೆ ಇರಲಿಲ್ಲ.

"ಏ, ಹಂಗೆಲ್ಲಾ ಅನಬ್ಯಾಡ್ರಿ, ಮಾಸ್ತರ," ಎಂದು ಅವನು ಗಾಬರಿಯಾದ. ಆಮೇಲೆ, ಎಂಟು ವರ್ಷದವನ ಕಣ್ಣಲ್ಲಿ ನಕ್ಕು, "ಇಲ್ಲಿ ಯಾರನ್ನೂ ಹೊಡಿಯೂದಿಲ್ಲ ಅಂದ್ರ ಈಗ ಅಂತೇನ್ರಿ," ಎಂದು ಕೈಕಟ್ಟಿ ನಿಂತ. ಏಳೊಂದಲೆ ಏಳು, ಏಳೆರಡಲೆ ಹದಿನಾಲ್ಕು.

"ಸಾವಕಾಶ ಅನ್ನಪಾ," ಎಂದಳು ತುಂಗಕ್ಕ. "ತಪ್ಪಿದ್ರ ಕಡೀತಾನ."

ಏಳು ಹತ್ತಲೆ ಎಪ್ಪತ್ತರವರೆಗೆ ಅವನು ಎಲ್ಲಿಯೂ ತಪ್ಪಲಿಲ್ಲ. ನಾನು ಸಂಜೆಯ ರೈಲಿಗೆ ಮರಳಿ ಬಂದು, ಜಗುಲಿಯಲ್ಲಿ ಚಪ್ಪಲಿ ಬಿಡುವ ಮೊದಲೇ "ಕುಸುಮೀ, ಹುಡುಗಗ ಮಗ್ಗಿ ಬರತದವ್ವಾ" ಎಂದು ಕೂಗಿದೆ. ಮಗಳು ತಲೆ ಎತ್ತಿದಳು. ಸುಭದ್ರೆ ಒಲೆಗೆ ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ.

ಆಮೇಲೆ ಬಹಳ ಯೋಚಿಸಿದ್ದೇನೆ. ಕಡಿಯುವ ಹುಡುಗ ಎಲ್ಲಿ ಹೋದ? ಹಾಲುಹಲ್ಲು ಬಿದ್ದ ಕೂಡಲೇ ಅವನೂ ಬಿದ್ದುಹೋದನೆಂದು ಎದೆ ಮುಟ್ಟಿ ಹೇಳಲಾರೆ. ಅವನು ದೊಡ್ಡವನಾಗಿ, ರುಮಾಲು ಸುತ್ತಿ, ಸಾಲೆಗೆ ಬಂದು, ಹಲ್ಲಿನ ಬದಲು ಕೆಂಪು ಶಾಯಿಯಿಂದ ಕೆಲಸ ಮಾಡಿಕೊಂಡಿದ್ದನೆಂದು ನನಗೆ ಅನುಮಾನ. ನಮ್ಮ ಚಿಕ್ಕಂದಿನ ಗುಣಗಳು ನಮ್ಮನ್ನು ಬಿಟ್ಟು ಹೋಗುವುದಿಲ್ಲವೇನೋ. ಒಳ್ಳೆಯವರ ಕೈಗೆ ಸಿಕ್ಕರೆ ಸೌಜನ್ಯ ಕಲಿಯುತ್ತವೆ. ಮುಟ್ಟಿದರೆ ಅಳುತ್ತಿದ್ದ ಗೆಳೆಯನಿಗಾಗಿ ಬಾಕಿನ ಮೇಲೆ ನಿಂತ ಆ ಹಟವೇ ಬೆಳೆದು, ಬಿಸಿಲಿನಲ್ಲಿ ಎರಡು ತಾಸು ನಿಂತು ರಾಟಿ ದುರಸ್ತಿ ಮಾಡುವ ತಾಳ್ಮೆಯಾಗಿದೆ. ನನ್ನ ಕಡಿತಕ್ಕೆ ಅಷ್ಟು ಒಳ್ಳೆಯ ಗತಿ ಸಿಗಲು ನಲವತ್ತು ವರ್ಷ ಬೇಕಾಯಿತು, ತುಂಗಕ್ಕನೂ ಬೇಕಾದಳು. ಮೂಗು ಹಿಡಿದು ಹೊಡೆಸುವ ಪದ್ಧತಿಯನ್ನು ಮರುದಿನವೇ ನಿಲ್ಲಿಸಿದೆ. ಶೇರಾ ಬರೆಯುವುದು ಸರಕಾರದ ಕಟ್ಟಳೆ, ನಿಲ್ಲಿಸಲು ಬರುವುದಿಲ್ಲ. ಈಗ ಅದನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ.

ಮದುವೆಯಲ್ಲಿ ತುಂಗಕ್ಕ ಬಂದವರಿಗೆಲ್ಲ ಮಣಿಕಟ್ಟು ತೋರಿಸಿ, "ಬೀಗರು ಕೊಟ್ಟಿದ್ದು," ಎಂದು ಹೇಳುತ್ತ ತಿರುಗಿದಳು. ಮಂದಿ ಬಳೆ ಹುಡುಕಿ, ಕಾಣದೆ, ನನ್ನನ್ನು ಜಿಪುಣನೆಂದುಕೊಂಡು ಹೋದರು. ಅದೂ ಒಂದು ಶೇರಾ, ಇರಲಿ.

ಕಳೆದ ವಾರ ಕುಸುಮೆಯ ಪತ್ರ ಬಂದಿದೆ. ಮೊಮ್ಮಗನಿಗೆ ಈಗ ಒಂದೂವರೆ ವರ್ಷ, ಬಾಯಿಯಲ್ಲಿ ಆರು ಹಲ್ಲು. "ಅಪ್ಪಾ, ಎತ್ತಿಕೊಂಡವರನ್ನೆಲ್ಲ ಕಡಿಯುತ್ತಾನೆ. ಹೀಗೇ ಬೆಳೆದರೆ ಏನು ಗತಿ? ನೀವು ಇಷ್ಟು ಹುಡುಗರನ್ನು ನೋಡಿದವರು, ಏನು ಮಾಡಲಿ ತಿಳಿಸಿ," ಎಂದು ಬರೆದಿದ್ದಾಳೆ. ಇವತ್ತು ಉತ್ತರ ಹಾಕಿದೆ. ಏನೂ ಮಾಡಬೇಡ, ಮಗಳೇ. ಕಡಿದಾಗ ಬಾಯಿಗೆ ಒಂದು ಚೂರು ಬೆಲ್ಲ ಹಾಕು. ದೊಡ್ಡವನಾಗಿ ಮಾಸ್ತರನಾದರೂ ಆದಾನು. ಅಲ್ಲಿಯವರೆಗೆ ತುಂಗಕ್ಕನಿಗೆ ಕೈ ಸೆರಗಿನಲ್ಲಿಟ್ಟುಕೊಂಡು ಕುಳಿತಿರಲು ಹೇಳು.